ಎಡಮನೆಯವರ ಹೇಳಿಕೆ

ಗುರುವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಪರಕೀಯರ ನಿವಾರಣಾಧಿಕಾರಿಯ ಜೀಪು ಗಾಣದ ಬೀದಿಗೆ ಬಂದು ನಿಂತಿತು. ಅಷ್ಟು ಹೊತ್ತಿಗೆ ಎಂಟನೇ ಮನೆ ಖಾಲಿಯಾಗಿ ಹದಿನೇಳು ಗಂಟೆ ಮೇಲಾಗಿತ್ತು.

ನಾನು ಏಳನೇ ಮನೆಯವನು. ಜಿಲ್ಲಾ ಪತ್ರಿಕೆಯೊಂದಕ್ಕೆ ಸುದ್ದಿ ಬರೆಯುತ್ತೇನೆ. ನನ್ನ ಬಗ್ಗೆ ಇಷ್ಟನ್ನೂ ಆರನೇ ಮನೆಯ ಸಾತಕ್ಕ ಹೇಳಿ ಬರೆಸಿದ್ದು. ಹೆಚ್ಚು ಬೇಕಿದ್ದವರು ಆಕೆಯನ್ನೇ ಕೇಳಬೇಕು. ನಮ್ಮೂರಲ್ಲಿ ಕಚೇರಿಯವರ ಮುಂದೆ, ಹೊರಗಿನವರ ಮುಂದೆ ಯಾರೂ ತಮ್ಮ ವಿಷಯ ತಾವು ಹೇಳಿಕೊಳ್ಳುವುದಿಲ್ಲ. ಎಡಮನೆಯವರು ಹೇಳುತ್ತಾರೆ. ಬಾಗಿಲಲ್ಲಿ ಬೀದಿಗೆ ಮುಖ ಮಾಡಿ ನಿಂತಾಗ ಬಲಗೈ ಕಡೆ ಇರುವ ಮನೆಯ ಮಾತಿಗೆ ನೀವು ಹೊಣೆ. ನಿಮ್ಮ ಮಾತಿಗೆ ಎಡಗೈ ಕಡೆಯವರು. ಬೀದಿಗಳೆಲ್ಲ ದುಂಡಗಿರುವುದರಿಂದ ಯಾವ ಬೀದಿಯಲ್ಲೂ ಕೊನೆಯ ಮನೆ ಎಂಬುದಿಲ್ಲ.

ಆಸ್ಪತ್ರೆಗೆ ಹೋದರೆ ಎಡಮನೆಯವರು ಜೊತೆಗೆ ಹೋಗಿ ಎಲ್ಲಿ ನೋವು, ಎಂದಿನಿಂದ ಎಂದು ಹೇಳುತ್ತಾರೆ. ಡಾಕ್ಟರು ಬೇರೆ ಊರಿನವರು. ಮೊದಲ ವರ್ಷ ಕೂಗಾಡಿದರು, ಆಮೇಲೆ ತಮ್ಮ ಮೇಜಿನ ಮುಂದೆ ಎರಡು ಸ್ಟೂಲು ಹಾಕಿಸಿದರು. ಹೆಣ್ಣು ಕೊಡುವವರ ಮುಂದೆ ವರನ ಸಂಬಳ ಹೇಳುವುದು ಎಡಮನೆಯವರಾದ್ದರಿಂದ ನಮ್ಮೂರ ವರಗಳ ಸಂಬಳ ಇದ್ದಷ್ಟೇ ಇರುತ್ತದೆ. ರೇಷನ್ ಕಾರ್ಡು, ಮತದಾರರ ಪಟ್ಟಿ, ಶಾಲೆಯ ದಾಖಲಾತಿ ಎಲ್ಲದರಲ್ಲೂ ರುಜು ಎಡಮನೆಯವರದು. ಮನೆ ಖಾಲಿ ಬಿದ್ದರೆ ಅದು ಲೆಕ್ಕಕ್ಕಿಲ್ಲ, ಅದರ ಆಚೆಯ ಮನೆ ನಿಮ್ಮ ಬಲಮನೆಯಾಗುತ್ತದೆ. ಒಲೆ ಹೊತ್ತಿಸಿದರೆ ಮನೆ ತುಂಬಿದಂತೆ. ಯಾರಾದರೂ ಹೊಸದಾಗಿ ನಿಮ್ಮ ಬಲಮನೆಯವರಾದರೆ ಆ ಗಳಿಗೆಯಿಂದ ಕಂಡದ್ದನ್ನು ಮಾತ್ರ ನೀವು ಹೇಳಬೇಕು. ಹಿಂದಿನದು ಗೊತ್ತಿದ್ದರೂ ನಿಮ್ಮದಲ್ಲ. ಅಂಚೆಯವನು ಊರಿಗೆ ಬಂದ ವಾರ ಬ್ಯಾಂಕಿನಲ್ಲಿ ಅವನ ಎಡಮನೆಯವರು ಬರೆಸಿದ್ದು "ಗಂಡಸು, ಗೊರಕೆ ಹೊಡೆಯುತ್ತಾನೆ" ಎಂದಷ್ಟೇ. ಸುಳ್ಳು ಹೇಳಿದವರಿಗೆ, ತಮ್ಮದಲ್ಲದ ಮನೆಯ ಮಾತು ಆಡಿದವರಿಗೆ ಬೇರೆ ಶಿಕ್ಷೆಯಿಲ್ಲ. ಅವರ ಎಡಮನೆಯವರು ಬಾಯಿ ಮುಚ್ಚುತ್ತಾರೆ. ನನ್ನ ನೆನಪಿನಲ್ಲಿ ಹಾಗೆ ಆದದ್ದು ಒಂದೇ ಸಲ. ಆ ಮನುಷ್ಯ ಒಂದು ಹಲ್ಲು ಕೀಳಿಸಿಕೊಳ್ಳಲೂ ಆಗದೆ ಮೂರನೇ ತಿಂಗಳು ಊರು ಬಿಟ್ಟ.

ಎಂಟನೇ ಮನೆ ಕರಿಬಸಯ್ಯನವರದು. ವಯಸ್ಸು ಅರವತ್ತೊಂದು, ಅದೇ ಮನೆಯ ನಡುಕೋಣೆಯಲ್ಲಿ ಹುಟ್ಟಿದವರು. ಮನೆಯ ಮುಂಭಾಗದಲ್ಲಿ ಹಿಟ್ಟಿನ ಗಿರಣಿ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ, ಮಕ್ಕಳಿಲ್ಲ. ಎರಡೂ ಕಾಲಿಗೆ ಮಂಡಿನೋವು, ಎಡಗಾಲಿಗೆ ಹೆಚ್ಚು. ಅಖಂಡ ಸಭೆಯ ಊರ ಶಾಖೆಗೆ ಹದಿನಾಲ್ಕು ವರ್ಷದಿಂದ ಅಧ್ಯಕ್ಷರು. ಶಾಖೆಯಲ್ಲಿ ಇರುವುದು ಒಂಬತ್ತು ಜನ. ಸಭೆ ರಾಜಧಾನಿಯಲ್ಲಿ ಅಧಿಕಾರಕ್ಕೆ ಬಂದ ದಿನ ಗಿರಣಿಯ ಮೇಲೆ ತಾಮ್ರದ ಬಣ್ಣದ ಬಾವುಟ ಹಾರಿಸಿದರು. ಪ್ರತಿ ಭಾನುವಾರ ಸಭೆಯ ವಾರಪತ್ರಿಕೆಯನ್ನು ಗಿರಣಿ ಮುಂದೆ ಗಟ್ಟಿಯಾಗಿ ಓದುತ್ತಿದ್ದರು. ಹಿಟ್ಟಿಗೆ ಕಾದು ಕೂತವರು ಕೇಳುತ್ತಿದ್ದರು, ಅವರಿಗೆ ಬೇರೆ ದಾರಿಯಿರಲಿಲ್ಲ.

ಒಂಬತ್ತನೇ ಮನೆ ದೀಲಮ್ಮನದು. ಆಕೆಯ ಬಗ್ಗೆ ಈಗ ನಾನು ಹೇಳುವುದೆಲ್ಲ ಕರಿಬಸಯ್ಯ ಆಕೆಯ ಎಡಮನೆಯವರಾಗಿದ್ದಾಗ ಕಚೇರಿಗಳಲ್ಲಿ ಬರೆಸಿದ್ದು. ಹನ್ನೊಂದು ವರ್ಷದ ಹಿಂದೆ ಒಂದು ಶುಕ್ರವಾರ ಗಂಡನ ಜೊತೆ ಸೌದೆ ಲಾರಿಯಲ್ಲಿ ಹೊಳೆಯಾಚೆಯ ದೇಶದಿಂದ ಬಂದಳು. ಗಂಡ ಸ್ಟವ್, ಕುಕ್ಕರ್ ರಿಪೇರಿ ಮಾಡುತ್ತಿದ್ದ. ನಾಲ್ಕು ವರ್ಷದ ಹಿಂದೆ ಸತ್ತ, ಕೆರೆಯ ಹಿಂದೆ ಮಣ್ಣು ಮಾಡಿದರು. ಅಂದಿನಿಂದ ರಿಪೇರಿ ಆಕೆಯೇ ಮಾಡುತ್ತಾಳೆ. ಗಿರಣಿಯ ಹಿಟ್ಟು ಹಾರಿ ಆಕೆಯ ಒಗೆದ ಬಟ್ಟೆಯ ಮೇಲೆ ಬೀಳುತ್ತದೆ, ಆಕೆಯ ಸುತ್ತಿಗೆಯ ಸದ್ದಿಗೆ ಕರಿಬಸಯ್ಯನವರ ಮಧ್ಯಾಹ್ನದ ನಿದ್ದೆ ಹಾಳಾಗುತ್ತದೆ. ಇಬ್ಬರೂ ಮಾತು ಬಿಟ್ಟು ಆರು ವರ್ಷ. ಆದರೂ ಹೋದ ವರ್ಷ ಆಕೆಗೆ ಹೊಟ್ಟೆನೋವು ಬಂದಾಗ ಆಸ್ಪತ್ರೆಯ ಎರಡನೇ ಸ್ಟೂಲಿನಲ್ಲಿ ಕೂತು, "ಬಲಗಡೆ ಪಕ್ಕೆಲುಬಿನ ಕೆಳಗೆ, ಊಟ ಆದ ಅರ್ಧ ಗಂಟೆಗೆ ಶುರು, ಮಂಗಳವಾರದಿಂದ" ಎಂದು ಡಾಕ್ಟರಿಗೆ ಹೇಳಿದ್ದು ಕರಿಬಸಯ್ಯನವರೇ. ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದರು. ಪಿತ್ತಕೋಶದಲ್ಲಿ ಕಲ್ಲಿತ್ತು.

ಪರಕೀಯರ ನಿವಾರಣಾ ಕಾಯ್ದೆ ಬಂದದ್ದು ಈ ವರ್ಷದ ಮೊದಲಲ್ಲಿ. ಪ್ರತಿಯೊಬ್ಬರೂ ಅಧಿಕಾರಿಯ ಮುಂದೆ ನಿಂತು ತಾನು ಯಾರು, ಎಲ್ಲಿಯವನು ಎಂದು ತಾನೇ ಹೇಳಬೇಕು, ತಾನೇ ರುಜು ಮಾಡಬೇಕು. ಫಾರಂನ ನಾಲ್ಕನೇ ಕಲಂ "ಬಂದ ದಿನ". ಇದ್ದಲ್ಲೇ ಇದ್ದವರದು ಖಾಲಿ ಇರುತ್ತದೆ. ತುಂಬಿದ್ದರೆ, ಅದೂ ಹದಿನೈದು ವರ್ಷದೊಳಗಿನ ತಾರೀಕಾಗಿದ್ದರೆ, ಮೊದಲು ಶಿಬಿರ, ಆಮೇಲೆ ದೋಣಿಯಲ್ಲಿ ಹೊಳೆಯಾಚೆ. ನಮ್ಮ ಪುರಸಭೆ ಫಾರಂಗಳ ಕಟ್ಟನ್ನು ವಾಪಸು ಕಳಿಸಿತು. ಜೊತೆಗೆ ಎರಡು ಸಾಲಿನ ಠರಾವು: ಈ ಊರಿನಲ್ಲಿ ಯಾರೂ ತಮ್ಮ ವಿಷಯ ತಾವು ಹೇಳುವುದಿಲ್ಲ, ಬಲಮನೆಯವರ ವಿಷಯ ಕೇಳಿದರೆ ಹೇಳುತ್ತೇವೆ, ಆದರೆ ಶಿಬಿರಕ್ಕೆ ಕಳಿಸುವ ಸಲುವಾಗಿ ಕೇಳಿದರೆ ಹೇಳುವುದಿಲ್ಲ.

ಮುಂದಿನ ಭಾನುವಾರ ಸಭೆಯ ವಾರಪತ್ರಿಕೆಯ ಮೊದಲ ಪುಟದಲ್ಲಿ ನಮ್ಮೂರಿತ್ತು. ಕರಿಬಸಯ್ಯ ಅದನ್ನೂ ಗಟ್ಟಿಯಾಗಿಯೇ ಓದಿದರು. ದೇಶಕ್ಕೆ ಬೆನ್ನು ಹಾಕಿ ದುಂಡಗೆ ಕೂತ ಊರು ಎಂದು ಬರೆದಿದ್ದರು. ಪರಕೀಯನನ್ನು ಬಚ್ಚಿಡುವುದು ಕರುಣೆಯಲ್ಲ, ದಂಗೆ. ಕತ್ತಿ ಹಿಡಿದವನ ದಂಗೆ ಕಣ್ಣಿಗೆ ಕಾಣುತ್ತದೆ, ಮುದ್ದೆ ಬಡಿಸುವವನ ದಂಗೆ ಕಾಣುವುದಿಲ್ಲ, ಆದ್ದರಿಂದ ಎರಡನೆಯದೇ ಅಪಾಯ ಎಂದಿತ್ತು.

"ಅಂದ್ರೆ ನಾನೂ ದಂಗೆ ಎದ್ದಿದೀನಾ ಕರಿಬಸಣ್ಣ?" ಎಂದು ರಾಗಿ ಡಬ್ಬದ ಮೇಲೆ ಕೂತಿದ್ದ ಸಾತಕ್ಕ ಕೇಳಿದಳು. ಆಕೆಗೆ ಎಪ್ಪತ್ತಾರು.

"ನೀನು ಏಳೋಕೇ ಇಬ್ಬರು ಕೈ ಹಿಡೀಬೇಕು. ಸುಮ್ನೆ ಕೂತ್ಕೊ" ಎಂದರು ಕರಿಬಸಯ್ಯ. ಓದು ಅಲ್ಲಿಗೇ ನಿಂತಿತು.

ನಿವಾರಣಾಧಿಕಾರಿ ಇಂದುಶೇಖರ ಮೊದಲ ಸಲ ಬಂದದ್ದು ಆ ಗುರುವಾರಕ್ಕೆ ಎಂಟು ದಿನ ಮುಂಚೆ, ಬುಧವಾರ, ಗಿರಣಿಗೆ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಲುದನಿ. ಹೊರಗಿನವರು ಬಂದದ್ದರಿಂದ ನನ್ನನ್ನು ಕರೆಸಿದ್ದರು.

"ನಮಸ್ಕಾರ ಕರಿಬಸಯ್ಯನವರೇ. ಹೇಗಿದ್ದೀರಿ?" ಎಂದರು ಅಧಿಕಾರಿ.

ಕರಿಬಸಯ್ಯ ಗಿರಣಿ ನಿಲ್ಲಿಸಿ ನನ್ನ ಕಡೆ ನೋಡಿದರು.

"ಚೆನ್ನಾಗಿದ್ದಾರೆ. ಮಂಡಿನೋವಿದೆ. ನಿನ್ನೆಯಿಂದ ಊಟ ಅರ್ಧಕ್ಕೆ ಬಿಡ್ತಿದ್ದಾರೆ" ಎಂದೆ.

"ನಾನು ಅವರನ್ನು ಕೇಳಿದೆ."

"ಅವರನ್ನು ಕೇಳಿದರೆ ನಾನು ಹೇಳಬೇಕು."

"ಇವರು ನಮ್ಮ ಸಭೆಯ ಅಧ್ಯಕ್ಷರಲ್ಲವೇ?"

"ಹೌದು, ಹದಿನಾಲ್ಕು ವರ್ಷದಿಂದ" ಎಂದೆ.

ಕರಿಬಸಯ್ಯನವರ ಕಿವಿ ಕೆಂಪಾಯಿತು. "ಕಾಯ್ದೆ ಬಗ್ಗೆ ಕೇಳಿ ಸ್ವಾಮಿ, ಎಷ್ಟು ಬೇಕಾದ್ರೂ ಮಾತಾಡ್ತೀನಿ. ದೇಶದ ಬಗ್ಗೆ ಕೇಳಿ. ನನ್ನ ಬಗ್ಗೆ ಮಾತ್ರ ಈ ಪೇಪರ್‌ನೋನನ್ನೇ ಕೇಳ್ಬೇಕು. ಏನ್ ಮಾಡೋದು, ಪಕ್ಕದಲ್ಲಿ ಅಂಟ್ಕೊಂಡವನೆ" ಎಂದರು.

ಅಧಿಕಾರಿ ನಕ್ಕರು. ಹಿಟ್ಟಿನ ಮೂಟೆಯ ಮೇಲೆ ಕರವಸ್ತ್ರ ಹಾಸಿ ಕೂತರು. "ಆ ಒಂಬತ್ತನೇ ಮನೆಯ ಹೆಂಗಸು ನಮಗೆ ದೊಡ್ಡ ವಿಷಯವಲ್ಲ" ಎಂದರು. "ಒಬ್ಬಳು ಇದ್ದರೆಷ್ಟು, ಹೋದರೆಷ್ಟು. ನಮಗೆ ವಿಷಯ ಈ ಊರು. ನೀನು ಯಾರು ಎಂದು ದೇಶ ಒಬ್ಬನನ್ನು ಕೇಳಿದಾಗ ನಡುವೆ ಇನ್ನೊಬ್ಬ ಬಾಯಿ ಹಾಕಬಾರದು. ಇವತ್ತು ಪಕ್ಕದ ಮನೆ ಬಾಯಿ ಹಾಕುತ್ತದೆ, ನಾಳೆ ಬೀದಿ, ನಾಡಿದ್ದು ಊರು. ಆಮೇಲೆ ಊರುಗಳು ಉಳಿಯುತ್ತವೆ, ದೇಶ ಉಳಿಯುವುದಿಲ್ಲ. ತಪ್ಪು ಹೇಳುತ್ತಿದ್ದೇನೆಯೇ?"

"ಇಲ್ಲ, ಸರಿಯಾಗೇ ಹೇಳ್ತಿದೀರಿ" ಎಂದರು ಕರಿಬಸಯ್ಯ. ಅದು ಅವರು ಹದಿನಾಲ್ಕು ವರ್ಷದಿಂದ ಗಟ್ಟಿಯಾಗಿ ಓದಿದ ಮಾತೇ.

"ಪೊಲೀಸರನ್ನು ಕಳಿಸಿದರೆ ಅರ್ಧ ಗಂಟೆಯ ಕೆಲಸ. ಆದರೆ ನಾವು ಕಿತ್ತುಕೊಂಡು ಹೋದರೆ ಊರಿನವರು ಎದೆಯುಬ್ಬಿಸಿ ಹೇಳಿಕೊಳ್ಳುತ್ತಾರೆ. ಊರೇ ಎತ್ತಿ ಕೊಡಬೇಕು. ಅದಕ್ಕೇ ನಿಮ್ಮ ಪದ್ಧತಿಯನ್ನೇ ಒಪ್ಪಿ ಆದೇಶಕ್ಕೆ ರುಜು ಹಾಕಿ ತಂದಿದ್ದೇನೆ. ಗಾಣದ ಬೀದಿಯಲ್ಲಿ ಎಡಮನೆಯವರು ಕೊಟ್ಟ ಹೇಳಿಕೆಯೇ ಅಂತಿಮ. ಹೇಳಿಕೆ ಇಲ್ಲದವರು ಪರಕೀಯರು. ನೀವು ಏನು ಹೇಳುತ್ತೀರಿ?"

"ಗೊತ್ತಿರೋದನ್ನ ಹೇಳ್ತೀನಿ. ಸುಳ್ಳು ಹೇಳೋ ಮನುಷ್ಯ ಅಲ್ಲ" ಎಂದುಬಿಟ್ಟರು ಕರಿಬಸಯ್ಯ. ಹೇಳಿದ ಮೇಲೆ ತಮ್ಮ ವಿಷಯ ತಾವೇ ಹೇಳಿಕೊಂಡದ್ದು ಹೊಳೆದು ನನ್ನ ಕಡೆ ನೋಡಿದರು. ಅಧಿಕಾರಿಯ ಮುಂದೆ ನಾನು ಅದನ್ನೇ ಇನ್ನೊಮ್ಮೆ ಹೇಳಿದೆ: "ಅವರು ಸುಳ್ಳು ಹೇಳುವವರಲ್ಲ."

"ಅಷ್ಟೇ ಸಾಕು" ಎಂದು ಇಂದುಶೇಖರ ಎದ್ದರು. ಆದೇಶದ ಒಂದು ಪ್ರತಿ ಗಿರಣಿಯಲ್ಲಿ, ಇನ್ನೊಂದು ಪುರಸಭೆಯಲ್ಲಿ ಬಿಟ್ಟುಹೋದರು.

ಊರಿನವರಿಗೆ ಅರ್ಥವಾಗಲು ಒಂದು ದಿನ ಬೇಕಾಯಿತು. ಅಧಿಕಾರಿ ಠರಾವಿನ ಮೊದಲ ಸಾಲನ್ನು ಒಪ್ಪಿಕೊಂಡಿದ್ದರಿಂದ ಎರಡನೇ ಸಾಲಿಗೆ ಬೆಲೆಯಿಲ್ಲವಾಗಿತ್ತು. ಕರಿಬಸಯ್ಯ ಇದ್ದದ್ದನ್ನು ಹೇಳಿದರೆ ದೀಲಮ್ಮ ಹೋಗುತ್ತಾಳೆ. ಬಾಯಿ ಮುಚ್ಚಿದರೆ ಹೇಳಿಕೆ ಇಲ್ಲದವಳೆಂದು ಹೋಗುತ್ತಾಳೆ. ಉಳಿದದ್ದು ಸುಳ್ಳು ಹೇಳುವುದು. ಹೇಳಿದರೆ ನಾನು ಬಾಯಿ ಮುಚ್ಚಬೇಕು. ಅಪ್ಪನ ನಂತರ ಇಪ್ಪತ್ತೆರಡು ವರ್ಷದಿಂದ ಅವರ ಎಡಮನೆಯವನಾಗಿದ್ದೆ; ಅಪ್ಪ, ಅಜ್ಜ ಇದೇ ಮನೆಯಿಂದ ಕಂಡದ್ದೂ ನನ್ನ ಪಾಲಿಗೆ ಬಂದಿತ್ತು.

ಶನಿವಾರ ಸಾತಕ್ಕ ಗಿರಣಿಗೆ ಹೋಗಿ ಕೂತಳು. "ನೋಡು ಕರಿಬಸಣ್ಣ, ಇಪ್ಪತ್ತು ವರ್ಷದ ಹಿಂದೆ ಬಂದ್ಲು ಅಂದುಬಿಡು. ಹತ್ತು ವರ್ಷ ಹಿಂದೆಮುಂದೆ. ನನ್ನ ವಯಸ್ಸೇ ಯಾರೂ ಸರಿಯಾಗಿ ಹೇಳಲ್ಲ."

"ನಿನ್ನ ವಯಸ್ಸು ಐದನೇ ಮನೆಯವರು ಸರಿಯಾಗೇ ಬರೆಸವ್ರೆ. ನಾನು ನೋಡಿದೀನಿ."

"ಬರೆಸ್ಲಿ ಬಿಡು. ಒಂದು ಸುಳ್ಳಿಗೆ ನಾಲಿಗೆ ಬಿದ್ದು ಹೋಗುತ್ತಾ?"

"ನಾಲಿಗೆ ಬೀಳಲ್ಲ. ಈ ಪೇಪರ್‌ನೋನು ಬಾಯಿ ಹೊಲ್ಕೋತಾನೆ. ಆಮೇಲೆ ನನಗೆ ಮಂಡಿನೋವು ಅಂತ ನೀನು ಬಂದು ಹೇಳ್ತೀಯಾ?"

ಸಾತಕ್ಕ ನನ್ನನ್ನು ನೋಡಿದಳು. ನಾನು ಗಿರಣಿಯ ಬೆಲ್ಟು ನೋಡುತ್ತಿದ್ದೆ. ನನ್ನ ಕೆಲಸದಲ್ಲಿ ತಾರೀಕು ತಪ್ಪು ಹಾಕುವುದಿಲ್ಲ ಎಂದು ಆಕೆ ನನ್ನ ಬಗ್ಗೆ ಬೇಕಾದಷ್ಟು ಕಡೆ ಹೇಳಿದ್ದಾಳೆ.

ಸೋಮವಾರ ದೀಲಮ್ಮನೇ ಬಂದಳು. ಆರು ವರ್ಷದಲ್ಲಿ ಮೊದಲ ಸಲ. ಒಂದು ಸೇರು ಅಕ್ಕಿ ತಂದಿದ್ದಳು. ಅಲ್ಲಿಯವರೆಗೂ ಆಕೆ ಅಕ್ಕಿ ಬೀಸಿಸಲು ಮೂರು ಬೀದಿ ದಾಟಿ ಇನ್ನೊಂದು ಗಿರಣಿಗೆ ಹೋಗುತ್ತಿದ್ದಳು. ಕರಿಬಸಯ್ಯ ಅಕ್ಕಿಯನ್ನು ಗಿರಣಿಗೆ ಸುರಿದರು. ಹಿಟ್ಟು ಬಿದ್ದ ಮೇಲೆ ಗಿರಣಿ ನಿಲ್ಲಿಸಿದರು.

"ಗಿರಣಿ ಅಯ್ಯಾ, ಇದ್ದದ್ದನ್ನ ಇದ್ದಂಗೆ ಹೇಳಿ" ಎಂದಳು ಆಕೆ. "ಆದ್ರೆ ಅರ್ಧಂಬರ್ಧ ಹೇಳ್ಬೇಡಿ. ನಿಮ್ಮ ಹಿಟ್ಟು ನನ್ನ ಸೀರೆ ಮೇಲೆ ಬೀಳ್ತದೆ ಅಂತ್ಲೂ ಹೇಳಿ."

"ನಿನ್ನ ಸುತ್ತಿಗೆ ವಿಷ್ಯಾನೂ ಹೇಳ್ತೀನಿ."

"ಹೇಳಿ. ಅವರನ್ನ ಕೆರೆ ಹಿಂದೆ ಮಲಗಿಸಿದೀವಲ್ಲ, ಅದನ್ನೂ ಹೇಳಿ. ಜಾಗ ಯಾವುದು ಅಂತ ಬರೆಸಿ. ನಾನು ಹೋದ್ಮೇಲೆ ಯಾರಿಗೂ ಗೊತ್ತಾಗಲ್ಲ."

ಕರಿಬಸಯ್ಯ ಚೀಲದ ಬಾಯಿಗೆ ದಾರ ಸುತ್ತಿ ಕೊಟ್ಟರು. ಗಂಟು ಎರಡು ಸಲ ಬಿಚ್ಚಿಹೋಯಿತು. ಆಕೆ ಹೋದ ಮೇಲೆ, "ಅಕ್ಕಿ ಸ್ವಲ್ಪ ಹಸಿ ಇತ್ತು, ಒಣಗಿಸಿ ತರ್ಬೇಕಿತ್ತು" ಎಂದು ನನಗೆ ಹೇಳಿದರು. ಅಂದು ರಾತ್ರಿ ಊಟ ಪೂರ್ತಿ ಬಿಟ್ಟರು.

ಬುಧವಾರ ಮಧ್ಯಾಹ್ನ ಮೂರಕ್ಕೆ ಗಿರಣಿ ನಿಂತಿತು. ಹೊರಗೆ ಬಂದು ನೋಡಿದರೆ ಕರಿಬಸಯ್ಯ ತಗಡಿನ ಟ್ರಂಕನ್ನು ಬಾಗಿಲಿಂದ ಆಚೆ ಎಳೆಯುತ್ತಿದ್ದರು. ಹತ್ತನೇ ಮನೆ ದರ್ಜಿಯದು. ಅವನು ಮಗಳ ಊರಿಗೆ ಹೋದ ಮೇಲೆ ಐದು ತಿಂಗಳಿಂದ ಖಾಲಿಯಿತ್ತು. ಬೀದಿಯಲ್ಲಿ ಖಾಲಿಯಿದ್ದದ್ದು ಅದೊಂದೇ. ಟ್ರಂಕು ಆ ಕಡೆಗೆ ಹೊರಟಿತ್ತು.

"ಇದೇನು?" ಎಂದೆ.

"ಕಣ್ಣು ಕಾಣಲ್ವಾ? ಟ್ರಂಕು. ಆ ಕಡೆ ಹಿಡಿ."

ಹಿಡಿದೆ. ದೀಲಮ್ಮನ ಮನೆ ಮುಂದೆ ಹಾದು ಹೋದೆವು. ಆಕೆ ಕುಕ್ಕರಿನ ಹಿಡಿಗೆ ತಿರುಪು ಹಾಕುತ್ತಿದ್ದವಳು ತಲೆಯೆತ್ತಲಿಲ್ಲ. ಹಾಸಿಗೆ, ಎರಡು ಪಾತ್ರೆ, ಹೆಂಡತಿಯ ಫೋಟೊ, ಸೀಮೆಎಣ್ಣೆ ಸ್ಟವ್. ಕೊನೆಯಲ್ಲಿ ಬಾವುಟವನ್ನೂ ಇಳಿಸಿ ಮಡಚಿ ತಂದರು. ಅಷ್ಟರಲ್ಲಿ ನನಗೆ ವಿಷಯ ತಿಳಿದಿತ್ತು.

"ಎಂಟನೇ ಮನೆ ಖಾಲಿ ಆದ್ರೆ ದೀಲಮ್ಮ ನನ್ನ ಬಲಮನೆ ಆಗ್ತಾಳೆ" ಎಂದೆ.

"ಆಗ್ಲಿ. ನಿನಗೆ ಅವಳ ಬಗ್ಗೆ ಏನ್ ಗೊತ್ತು?"

"ಇವತ್ತಿಂದ ಕಂಡದ್ದು."

"ಅಷ್ಟು ಹೇಳು. ಸುಳ್ಳು ಹೇಳು ಅಂತ ಯಾರೂ ಹೇಳ್ತಿಲ್ಲ."

"ಹತ್ತನೇ ಮನೆಗೆ ಹೋದ್ರೆ ನಿಮ್ಮ ಮಾತು ಆಕೆ ಬಾಯಿಗೆ ಹೋಗುತ್ತೆ. ನಾಳೆ ನಿಮ್ಮನ್ನ ಕೇಳಿದ್ರೆ?"

ಕರಿಬಸಯ್ಯ ಮಂಡಿ ಹಿಡಿದುಕೊಂಡು ಟ್ರಂಕಿನ ಮೇಲೆ ಕೂತರು. "ನನ್ನನ್ನ ಯಾಕಯ್ಯಾ ಕೇಳ್ತಾರೆ? ನಮ್ಮದೇ ಸರ್ಕಾರ."

"ಆಕೆಯನ್ನ ಉಳಿಸೋಕೆ ಇಷ್ಟೆಲ್ಲ ಮಾಡ್ತಿದೀರಾ?"

"ಯಾರನ್ನೂ ಉಳಿಸೋಕಲ್ಲ. ಕಾಯ್ದೆ ಸರಿಯಾಗೇ ಇದೆ. ಹನ್ನೊಂದು ವರ್ಷ ಗೋಡೆಗೆ ಕಿವಿ ಕೊಟ್ಟು ತಿಳ್ಕೊಂಡಿದ್ದು ಅವಳ ಹೊಟ್ಟೆನೋವು ಹೇಳೋಕೆ. ಅದನ್ನ ತಗೊಂಡು ಅವಳನ್ನ ದೋಣಿಗೆ ಹತ್ತಿಸು ಅಂದ್ರೆ ಹೆಂಗೆ? ಅವನ್ಯಾರೋ ರುಜು ಹಾಕ್ದ ಅಂತ ನನ್ನ ಕಿವೀನ ಅವನಿಗೆ ಕೊಡ್ಲಾ?" ಟ್ರಂಕಿನಿಂದ ಎದ್ದು, "ಈ ಮನೇಲಿ ಗಾಳಿ ಚೆನ್ನಾಗಿದೆ. ಅಷ್ಟು ಬರ್ಕೊ" ಎಂದರು.

ಸ್ಟವ್ ಹೊತ್ತಲಿಲ್ಲ. ಹತ್ತು ಹನ್ನೆರಡು ಕಡ್ಡಿ ಗೀರಿದರು. ಒಲೆ ಹೊತ್ತದೆ ಮನೆ ತುಂಬುವುದಿಲ್ಲ. ಮನೆ ತುಂಬದೆ ಎಂಟನೆಯದು ಖಾಲಿಯಾಗುವುದಿಲ್ಲ. ಐದು ಗಂಟೆಗೆ ಐದು ನಿಮಿಷ ಇರುವಾಗ ದೀಲಮ್ಮ ಬಾಗಿಲಲ್ಲಿ ನಿಂತಳು. ಒಳಗೆ ಬಂದು ಸ್ಟವ್ ಬಗ್ಗಿಸಿ, ಪಿನ್ನು ಹಾಕಿ ತೂತು ಬಿಡಿಸಿ, ನಾಲ್ಕು ಸಲ ಪಂಪು ಒತ್ತಿ ಕಡ್ಡಿ ಗೀರಿದಳು. ನೀಲಿ ಉರಿ ಬಂತು.

"ಆರು ವರ್ಷದಿಂದ ರಿಪೇರಿಗೆ ಕೊಟ್ಟಿಲ್ಲ ಅಂತ ಗೊತ್ತಾಗ್ತದೆ" ಎಂದು ಹೇಳಿ ಹೋದಳು.

ಗುರುವಾರ ಬೀದಿಯ ನಡುವೆ ಮೇಜು ಹಾಕಿದರು. ಇಂದುಶೇಖರ, ಇಬ್ಬರು ಗುಮಾಸ್ತರು, ನಾಲ್ವರು ಪೊಲೀಸರು. ಬೀದಿಯ ಇಪ್ಪತ್ತಾರು ಮನೆಯವರೂ ತಂತಮ್ಮ ಬಾಗಿಲಲ್ಲಿ ನಿಂತಿದ್ದರು. ಗುಮಾಸ್ತ ಒಂಬತ್ತನೇ ಮನೆಯ ಎಡಮನೆಯವರು ಬರಲಿ ಎಂದು ಕೂಗಿದ. ನಾನು ಹೋದೆ.

"ನೀವಲ್ಲ, ಕರಿಬಸಯ್ಯನವರು" ಎಂದರು ಅಧಿಕಾರಿ.

"ಎಂಟನೇ ಮನೆ ಖಾಲಿಯಿದೆ. ಈಗ ನಾನೇ."

ಅವರು ಎದ್ದು ಹೋಗಿ ಬೀಗ ಎಳೆದು ನೋಡಿದರು. ಕಿಟಕಿಯಿಂದ ಬಗ್ಗಿ ಒಲೆ ನೋಡಿದರು. ವಾಪಸು ಬಂದು ಕೂತು ಪೆನ್ನು ತೆಗೆದರು. "ಸರಿ, ಹೇಳಿ. ಒಂಬತ್ತನೇ ಮನೆಯಾಕೆ ಯಾರು, ಎಂದು ಬಂದಳು?"

"ಹೆಸರು ದೀಲಮ್ಮ. ಸ್ಟವ್ ರಿಪೇರಿ ಮಾಡ್ತಾರೆ, ನಿನ್ನೆ ಒಂದು ಮಾಡಿದ್ದನ್ನ ಕಂಡಿದ್ದೇನೆ. ಬೆಳಗಿನ ಜಾವ ಎರಡು ಸಲ ಕೆಮ್ಮಿದರು. ನಿನ್ನೆ ಸಂಜೆ ಐದಕ್ಕೆ ನನ್ನ ಬಲಮನೆಯಾದರು. ಆಗ ಅವರು ಮನೆಯಲ್ಲೇ ಇದ್ದರು. ಬಂದದ್ದನ್ನ ನಾನು ಕಂಡಿಲ್ಲ."

"ಎರಡು ಮನೆ ಆಚೆ ಹನ್ನೊಂದು ವರ್ಷದಿಂದ ಇದ್ದಾಳೆ. ನಿಮಗೆ ಗೊತ್ತಿಲ್ಲವೇ?"

"ಎರಡು ಮನೆ ಆಚೆಯದು ನಿನ್ನೆವರೆಗೂ ನನ್ನ ಬಲಮನೆ ಆಗಿರಲಿಲ್ಲ."

ಗುಮಾಸ್ತ ಪೆನ್ನು ಹಿಡಿದು ಕಾದ. ಆದೇಶದ ಪ್ರತಿ ಮೇಜಿನ ಮೇಲೇ ಇತ್ತು, ಅಧಿಕಾರಿಯ ರುಜುವಿನ ಜೊತೆ. ಅವರು ಅದನ್ನು ಇನ್ನೊಮ್ಮೆ ಓದಿ, "ನಾಲ್ಕನೇ ಕಲಂ ಖಾಲಿ ಬಿಡಿ" ಎಂದರು. ದನಿ ಏರಿರಲಿಲ್ಲ.

"ಹತ್ತನೇ ಮನೆ" ಎಂದರು ಇಂದುಶೇಖರ.

ಕರಿಬಸಯ್ಯ ಮುಂದೆ ಬಂದರು. ಅಧಿಕಾರಿ ಅವರಿಗೆ ಕುರ್ಚಿ ಹೇಳಲಿಲ್ಲ. "ಇವರು ಯಾರು?" ಎಂದು ದೀಲಮ್ಮನನ್ನು ಕೇಳಿದರು.

ದೀಲಮ್ಮ ಮೇಜಿನ ಹತ್ತಿರ ಬಂದು ಸೆರಗು ಸರಿಮಾಡಿಕೊಂಡಳು. ಕರಿಬಸಯ್ಯನವರ ಮುಖ ನೋಡಿದಳು. ಅವರು ದರ್ಜಿಯ ಮನೆಯ ಗೋಡೆ ನೋಡುತ್ತಿದ್ದರು.

"ಹೆಸರು ಕರಿಬಸಯ್ಯ. ಸ್ಟವ್ ಹಚ್ಚೋಕೆ ಬರಲ್ಲ. ಮಂಡಿನೋವು ಅದೆ, ರಾತ್ರಿ ಏಳೋವಾಗ ನರಳಿದ್ದು ಗೋಡೆಯಾಚೆಯಿಂದ ಕೇಳಿಸ್ತು. ಕೂರೋಕೆ ಏನಾದ್ರೂ ಕೊಡಿ."

"ಎಂದು ಬಂದರು?"

ಆಕೆಗೆ ನಾಲ್ಕನೇ ಕಲಂ ಎಂದರೆ ಏನೆಂದು ಬೀದಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಆಕೆ ಕಂಡದ್ದು ಒಂದೇ.

"ನಿನ್ನೆ ಸಂಜೆ ಐದಕ್ಕೆ" ಎಂದಳು.

"ಎಲ್ಲಿಂದ?"

"ನನಗೆ ಹೇಳೋಕೆ ಬರಲ್ಲ ಸ್ವಾಮಿ."

ನನಗೆ ಬರುತ್ತಿತ್ತು. ಹುಟ್ಟಿದ ತಾರೀಕು, ಹುಟ್ಟಿದ ಕೋಣೆ, ಸೂಲಗಿತ್ತಿಯ ಹೆಸರು, ಎಡಗಾಲಿನ ಹಳೆಯ ಗಾಯ. ಹಿಂದಿನ ಸಂಜೆ ಐದರವರೆಗೆ ಅವು ನನ್ನವಾಗಿದ್ದವು. ನಾನು ಹೇಳಲಿಲ್ಲ.

ಅಧಿಕಾರಿ ಪೆನ್ನು ಕೆಳಗಿಟ್ಟು ಕರಿಬಸಯ್ಯನವರ ಕಡೆಗೇ ತಿರುಗಿದರು. "ನಾವು ಬಲ್ಲವರು ನೀವು. ಒಂದು ವಾಕ್ಯ ಸಾಕು. ನಾನು ಇಂಥವನು, ಇಲ್ಲಿಯೇ ಹುಟ್ಟಿದೆ ಎಂದು ನಿಮ್ಮ ಬಾಯಿಂದ ಹೇಳಿ. ನಿಮ್ಮ ದೇಶದ ಮುಂದೆ ನೀವೊಬ್ಬರೇ ನಿಂತು ಹೇಳಿ. ಈ ಕಾಗದ ಹರಿದು ಹಾಕುತ್ತೇನೆ. ನೀವೇ ಓದಿ ಹೇಳುತ್ತಿದ್ದ ಮಾತಲ್ಲವೇ ಇದು?"

ಕರಿಬಸಯ್ಯ ಹೌದೆಂದು ತಲೆಯಾಡಿಸಿದರು. ಬಾಯಿ ತೆರೆದರು. ಇಪ್ಪತ್ತಾರು ಬಾಗಿಲುಗಳಲ್ಲಿ ಯಾರೂ ಅಲುಗಲಿಲ್ಲ. ಅವರು ಆ ಮಾತು ಹೇಳಿದ್ದರೆ ಬೀದಿಯಲ್ಲಿ ಯಾರೂ ತಪ್ಪು ತಿಳಿಯುತ್ತಿರಲಿಲ್ಲ ಎಂದು ಈಗ ಎಲ್ಲರೂ ಹೇಳುತ್ತಾರೆ. ಅಂದು ಯಾರೂ ಹಾಗೆಂದು ಹೇಳಲಿಲ್ಲ. ಅವರು ಬಾಯಿ ಮುಚ್ಚಿ ದೀಲಮ್ಮನ ಕಡೆ ನೋಡಿದರು. ಹೊರಗಿನವರು ಕೇಳಿದಾಗ ನಮ್ಮೂರಿನವರು ಎಡಮನೆಯವರ ಕಡೆ ನೋಡುವಂತೆಯೇ ನೋಡಿದರು.

"ಅವರು ಹೇಳಲ್ಲ" ಎಂದಳು ದೀಲಮ್ಮ.

ಇಂದುಶೇಖರ ತಾವೇ ಪೆನ್ನು ಎತ್ತಿಕೊಂಡು ನಾಲ್ಕನೇ ಕಲಂ ತುಂಬಿದರು. "ಹೊಳೆ ದಾಟಿ ಬಂದವಳು ಕಾಯ್ದೆಗೆ ಮಾತ್ರ ಪರಕೀಯಳು" ಎಂದರು, ಗುಮಾಸ್ತನಿಗೆ ಹೇಳುವಂತೆ. "ಇಲ್ಲೇ ಇದ್ದುಕೊಂಡು ದಾಟಿ ಹೋದವನೇ ನಿಜವಾದ ಪರಕೀಯ. ಬರೆದುಕೊಳ್ಳಿ: ಬಂದದ್ದು ಬುಧವಾರ, ಎಲ್ಲಿಂದ ಎಂದು ತಿಳಿಯದು." ಹನ್ನೆರಡು ಇಪ್ಪತ್ತಕ್ಕೆ ಕರಿಬಸಯ್ಯನವರನ್ನು ಜೀಪಿಗೆ ಹತ್ತಿಸಿದರು. ಜೀಪಿನ ಮೆಟ್ಟಿಲು ಎತ್ತರವಿತ್ತು. ಒಬ್ಬ ಪೊಲೀಸು ಮೊಣಕೈ ಹಿಡಿದು ಮೇಲೆತ್ತಿದ.

ಮುಂದಿನದು ನನಗೆ ದೀಲಮ್ಮ ಹೇಳಿದ್ದು. ಆಕೆ ನನ್ನ ಬಲಮನೆಯವಳಾದ್ದರಿಂದ ಆಕೆ ಮಾಡಿದ್ದನ್ನು ನಾನು ಹೇಳಬಹುದು. ಶುಕ್ರವಾರ ಆಕೆ ಶಿಬಿರಕ್ಕೆ ಹೋಗಿ ಹಾಸಿಗೆ ಬಟ್ಟೆ, ಔಷಧಿ ಕೊಟ್ಟು ಬಂದಳು. ಎಡಮನೆಯವರೆಂದು ಹೇಳಿದ್ದಕ್ಕೆ ಗೇಟಿನಲ್ಲಿ ನಕ್ಕರಂತೆ, ಆದರೆ ಸಾಮಾನು ತೆಗೆದುಕೊಂಡರು. ಶನಿವಾರ ಸಭೆಯ ಜಿಲ್ಲಾ ಸಮಿತಿ ಕರಿಬಸಯ್ಯನವರನ್ನು ಅಧ್ಯಕ್ಷ ಸ್ಥಾನದಿಂದ ತೆಗೆಯಿತು. ಭಾನುವಾರ ಗಿರಣಿ ಮುಂದೆ ಯಾರೂ ಏನೂ ಓದಲಿಲ್ಲ. ಎಲ್ಲಿಂದ ಬಂದವರೆಂದು ತಿಳಿಯದವರನ್ನು ಹೊಳೆಯಾಚೆಗೇ ಕಳಿಸಬೇಕೆಂದು ಕಾಯ್ದೆಯಲ್ಲಿದೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ದೋಣಿ ಎಂದು ಶನಿವಾರವೇ ಗೊತ್ತಾದಾಗ ದೀಲಮ್ಮ ಅಂಚೆ ಕಚೇರಿಗೆ ಹೋಗಿ ಆಚೆ ದೇಶಕ್ಕೆ ಫೋನು ಮಾಡಿದಳು. ಹನ್ನೊಂದು ವರ್ಷದಲ್ಲಿ ಅದು ಎರಡನೇ ಫೋನು. ಮೊದಲನೆಯದು ಗಂಡ ಸತ್ತಾಗ.

ದೋಣಿ ಒಂಬತ್ತೂಕಾಲಿಗೆ ಆಚೆ ದಡ ಮುಟ್ಟಿತು. ಅಲ್ಲಿಯ ಕಚೇರಿಯಲ್ಲೂ ನೀನು ಯಾರು ಎಂದು ಕೇಳಿದರು. ಅಲ್ಲಿಯೂ ಕರಿಬಸಯ್ಯ ಮಾತಾಡಲಿಲ್ಲ. ದೀಲಮ್ಮನ ಅಕ್ಕ ಬೆಳಗಿನ ಆರು ಗಂಟೆಯಿಂದ ಆ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದಳು. ಒಳಗೆ ಹೋಗಿ ಅವರ ಎಡಕ್ಕೆ ನಿಂತು, ತಂಗಿ ಫೋನಿನಲ್ಲಿ ಹೇಳಿದ್ದನ್ನೆಲ್ಲ ಹೇಳಿ, ಫಾರಂಗೆ ರುಜು ಹಾಕಿದಳು.